ದುಡ್ಡು ಯಾವಾಗ ಬರುತ್ತೆ?

(ಕರಾವಳಿಯ ಒಂದು ಕಾಲೇಜಿನಲ್ಲಿ ಅಂತಿಮ ವರ್ಷದ ಬಿ.ಕಾಂ. ಮತ್ತು ಬಿಬಿಎ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಮಾತಿಗೆ 'ಯಶಸ್ಸಿನ ಗುಟ್ಟು' ಅಂತ ಹೆಸರು ಹಾಕಿದ್ದಾರೆ. ಗುಟ್ಟು ಗೊತ್ತಿದ್ದರೆ ನಾನು ಇಷ್ಟು ಹೊತ್ತಿಗೆ ಇಲ್ಲಿ ಬಂದು ಮೈಕ್ ಹಿಡಿಯುತ್ತಿರಲಿಲ್ಲ ಮಾರಾಯ್ರೆ. ನಾನು ಹೋಟೆಲು, ದಿನಸಿ ಅಂಗಡಿ, ಸಣ್ಣ ವರ್ಕ್‌ಶಾಪುಗಳ ಲೆಕ್ಕ ಬರೆದು, ಅವರ ತೆರಿಗೆ ರಿಟರ್ನ್ ಹಾಕಿ ಬದುಕುವವನು. ಗೆದ್ದವರ ಪುಸ್ತಕವೂ ನನ್ನ ಮೇಜಿನ ಮೇಲೆ ಬಂದಿದೆ, ಮುಳುಗಿದವರದ್ದೂ ಬಂದಿದೆ. ಮುಳುಗಿದವರಲ್ಲಿ ದಡ್ಡರು ಕಡಿಮೆ. ಸೋಮಾರಿಗಳು ಇನ್ನೂ ಕಡಿಮೆ. ಎಷ್ಟೋ ಜನ ಲಾಭ ಮಾಡುತ್ತಲೇ ಮುಳುಗಿದರು. ಇವತ್ತು ಆ ವಿಚಾರ ಮಾತ್ರ ಹೇಳುತ್ತೇನೆ.

ನಿಮ್ಮಲ್ಲಿ ಯಾರಾದರೂ ವ್ಯಾಪಾರ ಶುರು ಮಾಡುತ್ತೇನೆ ಅಂದರೆ ಮನೆಯವರು ಏನು ಕೇಳುತ್ತಾರೆ? "ಬಂಡವಾಳ ಎಷ್ಟು ಬೇಕು? ತಿಂಗಳಿಗೆ ಎಷ್ಟು ಉಳಿಯುತ್ತೆ?" ಎರಡೂ ಒಳ್ಳೆಯ ಪ್ರಶ್ನೆಗಳೇ. ಆದರೆ ಇನ್ನೊಂದು ಪ್ರಶ್ನೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ದುಡ್ಡು ಯಾವ ದಿನ ಕೈಗೆ ಬರುತ್ತೆ, ಯಾವ ದಿನ ಕೈಯಿಂದ ಹೋಗುತ್ತೆ? ನನ್ನನ್ನು ಕೇಳಿದರೆ ಅದನ್ನೇ ಮೊದಲು ಕೇಳಬೇಕು.

ನಮ್ಮ ಊರಿನವರ ಕಸುಬು ಹೋಟೆಲು, ಅದರಿಂದಲೇ ಶುರು ಮಾಡೋಣ. ಬೆಂಗಳೂರಿನ ದರ್ಶಿನಿಗೆ ನೀವೆಲ್ಲ ಹೋಗಿರುತ್ತೀರಿ. 1980ರ ದಶಕದಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಈ ಮಾದರಿಯನ್ನು ಶುರು ಮಾಡಿದರು. ಆಮೇಲೆ ನಗರದ ಮೂಲೆ ಮೂಲೆಯಲ್ಲೂ ದರ್ಶಿನಿ ಬಂತು. ಇಡ್ಲಿ ರುಚಿ, ಸ್ವಚ್ಛತೆ, ಕಡಿಮೆ ಬೆಲೆ ಅಂತ ಎಲ್ಲರೂ ಹೊಗಳುತ್ತಾರೆ. ಸರಿ. ನಾನು ಲೆಕ್ಕದವನಾಗಿ ಬೇರೆ ಒಂದನ್ನು ನೋಡುತ್ತೇನೆ.

ಹಳೇ ಹೋಟೆಲಿನಲ್ಲಿ ನೀವು ಹೋಗಿ ಕೂರುತ್ತೀರಿ. ಸಪ್ಲೈಯರ್ ಬಂದು ಏನು ಬೇಕು ಅಂತ ಕೇಳುತ್ತಾನೆ. ತಿಂದು, ಕಾಫಿ ಕುಡಿದು, ಪೇಪರ್ ಓದಿ, ಆಮೇಲೆ ಬಿಲ್ ಕೊಡುತ್ತೀರಿ. ಪರಿಚಯದವರಾದರೆ "ಬರೆದಿಡಿ ಭಟ್ರೇ" ಅಂತ ಹೊರಡುತ್ತೀರಿ. ದರ್ಶಿನಿಯಲ್ಲಿ? ಮೊದಲು ಗಲ್ಲಾದ ಹತ್ತಿರ ದುಡ್ಡು ಕೊಟ್ಟು ಟೋಕನ್ ತಗೋಬೇಕು. ಆಮೇಲೆ ದೋಸೆ. ಕುರ್ಚಿ ಇಲ್ಲ, ನಿಂತೇ ತಿನ್ನಬೇಕು, ಹಾಗಾಗಿ ಹತ್ತು ನಿಮಿಷದಲ್ಲಿ ಜಾಗ ಖಾಲಿ. ಸಪ್ಲೈಯರ್ ಸಂಬಳ ಉಳಿಯಿತು, ಬಾಡಿಗೆ ಜಾಗ ಚಿಕ್ಕದಾಯಿತು. ಅದೆಲ್ಲ ಇರಲಿ, ದೋಸೆ ಹೆಂಚಿನ ಮೇಲೆ ಬೀಳುವ ಮೊದಲೇ ಅದರ ದುಡ್ಡು ಬಂದಾಗಿದೆ. ಇದು ದೊಡ್ಡ ವಿಷಯ.

ಇನ್ನು ಕೊಡುವ ಕಡೆ ನೋಡಿ. ತರಕಾರಿಗೆ ನಗದು, ಗ್ಯಾಸ್ ಸಿಲಿಂಡರಿಗೆ ನಗದು. ಆದರೆ ಅಕ್ಕಿ, ಉದ್ದು, ಎಣ್ಣೆ, ರವೆ ಕೊಡುವ ದಿನಸಿ ವ್ಯಾಪಾರಿ ಹದಿನೈದು ದಿನ, ಪರಿಚಯ ಗಟ್ಟಿಯಾದರೆ ಒಂದು ತಿಂಗಳು ಕಾಯುತ್ತಾನೆ. ಬಾಡಿಗೆ ತಿಂಗಳಿಗೊಮ್ಮೆ. ಸಂಬಳ ತಿಂಗಳಿಗೊಮ್ಮೆ, ನಡುವೆ ಹುಡುಗರು ಕೇಳುವ ಅಡ್ವಾನ್ಸ್ ಬಿಟ್ಟರೆ. ಕರೆಂಟ್ ಬಿಲ್ ಮುಂದಿನ ತಿಂಗಳು. ಅಂದರೆ ದುಡ್ಡು ಬರುವುದು ಮೊದಲು, ಹೋಗುವುದು ಆಮೇಲೆ. ಗಿರಾಕಿ ಮತ್ತು ದಿನಸಿ ವ್ಯಾಪಾರಿ ಇಬ್ಬರೂ ಸೇರಿ ಹೋಟೆಲಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟ ಹಾಗೆ. ಶುರುವಿನಲ್ಲಿ ಅಂಗಡಿಯ ಅಡ್ವಾನ್ಸ್, ಅಡುಗೆಮನೆ, ಹಬೆ ಬಾಯ್ಲರು, ಗ್ರೈಂಡರಿಗೆ ದೊಡ್ಡ ಮೊತ್ತ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಬಾಗಿಲು ತೆರೆದು ಜನ ಬರತೊಡಗಿದರೆ ದಿನದ ಓಡಾಟಕ್ಕೆ ಬ್ಯಾಂಕಿನ ಮುಖ ನೋಡಬೇಕಾಗಿಲ್ಲ. ಕಡಿಮೆ ಓದಿದ, ಆಸ್ತಿಯಿಲ್ಲದ ಹುಡುಗರು ಈ ಜಿಲ್ಲೆಯಿಂದ ಹೋಗಿ ಹೋಟೆಲು ಕಟ್ಟಲು ಸಾಧ್ಯವಾಗಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಎಣಿಕೆ. ಅಡುಗೆ ಕೈ ಹಿಡಿಯಿತು ನಿಜ, ನಗದು ವ್ಯಾಪಾರವೂ ಕೈ ಹಿಡಿಯಿತು.

ಹಾಗಾದರೆ ಹೋಟೆಲುಗಳು ಯಾಕೆ ಮುಚ್ಚುತ್ತವೆ? ಇಲ್ಲೇ ಅಪಾಯ ಇರುವುದು. ಗಲ್ಲಾದಲ್ಲಿ ದಿನಾ ದುಡ್ಡು ಕಾಣುತ್ತೆ. ದಿನಕ್ಕೆ 25 ಸಾವಿರ ವ್ಯಾಪಾರ ಅಂದುಕೊಳ್ಳಿ, ಹದಿನೈದು ದಿನಕ್ಕೆ ಮೂರು ಮುಕ್ಕಾಲು ಲಕ್ಷ. ಆ ದುಡ್ಡಿನಲ್ಲಿ ದಿನಸಿಯವನ ಪಾಲಿದೆ, ಹುಡುಗರ ಸಂಬಳ ಇದೆ, ಕಟ್ಟಡದ ಮಾಲೀಕರ ಬಾಡಿಗೆ ಇದೆ, ಶೇ. 5 ಜಿಎಸ್‌ಟಿ ಇದೆ. ಆದರೆ ನೋಟಿನ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲ ಅಲ್ವಾ? ಎಲ್ಲ ನಮ್ಮದೇ ಅನಿಸುತ್ತೆ.

ನನ್ನ ಗಿರಾಕಿಯೊಬ್ಬರು ಇದ್ದರು. ಬೆಳಿಗ್ಗೆ ನಾಲ್ಕಕ್ಕೆ ಏಳುವ ಮನುಷ್ಯ, ಕುಡಿತ ಇಲ್ಲ, ಇಸ್ಪೀಟು ಇಲ್ಲ. ಹೋಟೆಲು ತುಂಬಿ ತುಳುಕುತ್ತಿತ್ತು. ಗಲ್ಲಾದ ದುಡ್ಡಿನಲ್ಲಿ ಊರಲ್ಲೊಂದು ಸೈಟಿಗೆ ಮುಂಗಡ ಕೊಟ್ಟರು. ಕಂತು ಕಟ್ಟುತ್ತಾ ಹೋದರು. ಆಮೇಲೆ ಅಂಗಡಿ ಎದುರು ರಸ್ತೆ ಅಗೆದರು. ಕಾಮಗಾರಿ ಎಳೆದಾಡಿತು, ವ್ಯಾಪಾರ ಅರ್ಧಕ್ಕೆ ಇಳಿಯಿತು. ಆಗ ಹೋದ ತಿಂಗಳ ದಿನಸಿ ಬಿಲ್ಲು ಕಟ್ಟುವ ಹೊತ್ತಿಗೆ ಈ ತಿಂಗಳ ಗಲ್ಲಾ ಖಾಲಿ. ಸೈಟು ಕೊಟ್ಟು ಸಾಲ ತೀರಿಸೋಣ ಅಂದರೆ ಸೈಟು ದೋಸೆ ಹಾಗೆ ಹತ್ತು ನಿಮಿಷಕ್ಕೆ ಮಾರಾಟ ಆಗುವುದಿಲ್ಲ. ದಿನಸಿಯವರು ನಗದು ಕೇಳತೊಡಗಿದರು. ಅಷ್ಟು ದಿನ ಸುಮ್ನೆ ಸಿಗುತ್ತಿದ್ದ ಸಾಲ ನಿಂತ ದಿನವೇ ಹೋಟೆಲು ಮುಗಿಯಿತು. ಅವರ ಪುಸ್ತಕದಲ್ಲಿ ಆ ವರ್ಷವೂ ಲಾಭವೇ ಇತ್ತು!

ಇದಕ್ಕೆ ಮದ್ದು ಏನು? ನೂರು ವರ್ಷದ ಹಿಂದೆಯೇ ನಮ್ಮ ಉಡುಪಿಯಲ್ಲಿ ಒಂದು ಮದ್ದು ಹುಡುಕಿದ್ದಾರೆ.

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಅಂತ ಒಂದು ಸಂಸ್ಥೆ ಶುರು ಮಾಡಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿದ್ದು ಅದೇ. ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಕುಡ್ವ ಎಂಜಿನಿಯರ್, ಟಿ.ಎಂ.ಎ. ಪೈ ಡಾಕ್ಟರ್. ಬಂಡವಾಳ 8,000 ರೂಪಾಯಿ. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲ, ಅವರಿಗೆ ಸಹಾಯ ಆಗಲಿ ಅಂತ ಹುಟ್ಟಿದ ಸಂಸ್ಥೆ. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ನಿಮ್ಮ ಅಮ್ಮ, ಅಜ್ಜಿಯರಿಗೆ ಪಿಗ್ಮಿ ಅಂದರೆ ಚೆನ್ನಾಗಿ ಗೊತ್ತು. ಬ್ಯಾಂಕಿನ ಏಜೆಂಟ್ ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬರುತ್ತಾನೆ. ಆಗ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು.

ಎಲ್ಲರೂ ಇದನ್ನು ಉಳಿತಾಯದ ಕಥೆ ಅಂತ ಹೇಳುತ್ತಾರೆ. ಬಡವರಿಗೆ ಉಳಿತಾಯ ಕಲಿಸಿದರು ಅಂತ. ನನಗೆ ಹಾಗನಿಸುವುದಿಲ್ಲ. ಬಡವರಿಗೆ ಉಳಿಸುವುದು ಗೊತ್ತಿತ್ತು. ಅವರ ದುಡ್ಡು ಬರುವ ರೀತಿಗೂ ಬ್ಯಾಂಕು ನಡೆಯುವ ರೀತಿಗೂ ಹೊಂದುತ್ತಿರಲಿಲ್ಲ, ಅಷ್ಟೇ. ಮೀನು ಮಾರುವವರಿಗೆ, ಬೀಡಿ ಕಟ್ಟುವವರಿಗೆ, ಗೂಡಂಗಡಿಯವರಿಗೆ ದುಡ್ಡು ಬರುವುದು ದಿನಾ, ಚಿಲ್ಲರೆಯಲ್ಲಿ. ಬೇಕಾಗುವುದು ಯಾವಾಗಲೋ ಒಮ್ಮೆ, ಗಂಟಿನಲ್ಲಿ: ಮದುವೆಗೆ, ಬಲೆಗೆ, ಮಳೆಗಾಲದ ಮೊದಲು ಮಾಡು ಹೊದಿಸುವುದಕ್ಕೆ. ವ್ಯಾಪಾರ ಬಿಟ್ಟು ಬ್ಯಾಂಕಿಗೆ ಹೋದರೆ ಅರ್ಧ ದಿನದ ಸಂಪಾದನೆ ಹೋಯಿತು. ಅದಕ್ಕೇ ಬ್ಯಾಂಕೇ ಎದ್ದು ಅವರ ಹತ್ತಿರ ಬಂತು. ದಿನಾ ಬರುವ ದುಡ್ಡನ್ನು ದಿನವೇ ತೆಗೆದಿಟ್ಟು ಗಂಟು ಮಾಡಿಕೊಟ್ಟಿತು. ಏಜೆಂಟಿಗೂ ಒಂದು ಲಾಭ ಇತ್ತು: ಯಾರ ಅಂಗಡಿ ಹೇಗೆ ನಡೆಯುತ್ತಿದೆ ಅಂತ ಅವನಿಗೆ ಗೊತ್ತಾಗುತ್ತಿತ್ತು. ನೂರು ರೂಪಾಯಿ ಪಿಗ್ಮಿ ಕಟ್ಟುತ್ತಿದ್ದವರು ಇಪ್ಪತ್ತಕ್ಕೆ ಇಳಿದರೆ, ಏನೋ ಸರಿಯಿಲ್ಲ ಅಂತ ಅರ್ಥ. ಈಗಿನ ಸಾಲದ ಆ್ಯಪ್‌ಗಳು ಮಾಡುವ ಲೆಕ್ಕವನ್ನು ಅವನು ಸೈಕಲ್ ಮೇಲೆ ಕೂತು ಮಾಡುತ್ತಿದ್ದ.

ಹೋಟೆಲಿನವರಿಗೆ ನಾನು ಹೇಳುವುದೂ ಇದನ್ನೇ. ರಾತ್ರಿ ಗಲ್ಲಾ ಎಣಿಸಿದ ಮೇಲೆ ಆ ದಿನದ ದಿನಸಿ ಪಾಲು, ಸಂಬಳದ ಪಾಲು, ಬಾಡಿಗೆ ಪಾಲು, ತೆರಿಗೆ ಪಾಲು ಬೇರೆ ಮಾಡಿ. ಬಾಡಿಗೆ ತಿಂಗಳಿಗೆ 60 ಸಾವಿರ ಅಂದರೆ ದಿನಕ್ಕೆ ಎರಡು ಸಾವಿರ. ಅಷ್ಟು ಬೇರೆ ಖಾತೆಗೆ ಹೋಗಲಿ. ಉಳಿದದ್ದೇ ನಿಮ್ಮದು. ಮೊದಲ ತಿಂಗಳು ಈ ಲೆಕ್ಕ ಮಾಡಿದವರ ಮುಖ ನೋಡಬೇಕು ನೀವು. "ಇಷ್ಟೇನಾ?" ಅಂತಾರೆ. ಹೌದು, ಇಷ್ಟೇ.

ಈಗ ತಿರುಗಾ ಮುರುಗಾ ಇರುವ ಒಂದು ವ್ಯಾಪಾರ ನೋಡೋಣ. ನಿಮ್ಮಲ್ಲಿ ಅಕೌಂಟ್ಸ್ ಚೆನ್ನಾಗಿ ಓದಿದವರು ಸ್ವಲ್ಪ ಲೆಕ್ಕ ಹಾಕಿ.

ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಒಬ್ಬರು ಉಕ್ಕಿನ ಬಿಡಿಭಾಗ ಮಾಡಿ ದೊಡ್ಡ ಕಂಪನಿಗೆ ಕೊಡುತ್ತಾರೆ ಅಂದುಕೊಳ್ಳಿ. ತಿಂಗಳಿಗೆ 10 ಲಕ್ಷದ ಮಾಲು, ಶೇ. 18 ಜಿಎಸ್‌ಟಿ ಸೇರಿ 11.8 ಲಕ್ಷದ ಬಿಲ್ಲು. ಉಕ್ಕಿಗೆ 6 ಲಕ್ಷ, ಅದರ ಮೇಲೆ ಜಿಎಸ್‌ಟಿ 1.08 ಲಕ್ಷ, ಉಕ್ಕಿನ ವ್ಯಾಪಾರಿಗೆ ಕೂಡಲೇ ಕೊಡಬೇಕು. ಸಂಬಳ, ಕರೆಂಟು, ಬಾಡಿಗೆ 2.5 ಲಕ್ಷ. ಹಾಗಾದರೆ ತಿಂಗಳಿಗೆ ಒಂದೂವರೆ ಲಕ್ಷ ಲಾಭ. ಮಗಳನ್ನು ಕೊಡಬಹುದಾದ ವ್ಯಾಪಾರ! ಆದರೆ ಕಂಪನಿ ದುಡ್ಡು ಕೊಡುವುದು 90 ದಿನಕ್ಕೆ.

ಮೊದಲ ರೂಪಾಯಿ ಬರುವ ಮೊದಲು ಮೂರು ತಿಂಗಳು ಇವರೇ ಕೈಯಿಂದ ಹಾಕಬೇಕು. ಉಕ್ಕಿಗೆ 21.24 ಲಕ್ಷ. ಸಂಬಳ ಇತ್ಯಾದಿಗೆ 7.5 ಲಕ್ಷ. ಸಾಲದ್ದಕ್ಕೆ ಜಿಎಸ್‌ಟಿ. ಬಿಲ್ಲು ಹಾಕಿದ ಮೇಲೆ ಗಿರಾಕಿ ದುಡ್ಡು ಕೊಟ್ಟನೋ ಬಿಟ್ಟನೋ, ಸರಕಾರಕ್ಕೆ ತೆರಿಗೆ ಮುಂದಿನ ತಿಂಗಳು ಕಟ್ಟಲೇಬೇಕು. ಉಕ್ಕಿನ ಮೇಲೆ ಕಟ್ಟಿದ್ದನ್ನು ಕಳೆದರೂ ತಿಂಗಳಿಗೆ 72 ಸಾವಿರ, ಅಷ್ಟರಲ್ಲಿ ಎರಡು ಸಲ ಕಟ್ಟಿಯಾಗಿರುತ್ತೆ. ಒಟ್ಟು ಸುಮಾರು 30 ಲಕ್ಷ ಹೊರಗೆ ಹೋಯಿತು. ಪುಸ್ತಕದಲ್ಲಿ ನಾಲ್ಕೂವರೆ ಲಕ್ಷ ಲಾಭ, ಕೈಯಲ್ಲಿ ಸೊನ್ನೆ. ಆ 30 ಲಕ್ಷವನ್ನು ಶೇ. 12ರ ಬಡ್ಡಿಗೆ ತಂದರೆ ತಿಂಗಳಿಗೆ 30 ಸಾವಿರ ಬಡ್ಡಿ. ಲಾಭದಲ್ಲಿ ಐದನೇ ಒಂದು ಪಾಲು ಅಲ್ಲಿಗೆ ಹೋಯಿತು.

ಇನ್ನೂ ತಮಾಷೆ ಕೇಳಿ. ಕಂಪನಿಗೆ ಇವರ ಕೆಲಸ ಇಷ್ಟವಾಯಿತು. ಆರ್ಡರ್ ಎರಡರಷ್ಟು ಮಾಡಿತು. ಮನೆಯಲ್ಲಿ ಪಾಯಸ. ಆದರೆ ಈಗ ಹೊರಗೆ ಹಾಕಬೇಕಾದ ದುಡ್ಡು 60 ಲಕ್ಷ. ವ್ಯಾಪಾರ ಬೆಳೆದಷ್ಟೂ ಕೈ ಖಾಲಿಯಾಗುತ್ತಾ ಹೋಗುತ್ತೆ. ಒಂದು ಬಿಲ್ಲು ತಡವಾದರೆ, 'ಕ್ವಾಲಿಟಿ ಸರಿಯಿಲ್ಲ' ಅಂತ ಒಂದು ಲೋಡು ವಾಪಸ್ ಬಂದರೆ, ಆ ತಿಂಗಳು ಸಂಬಳಕ್ಕೆ ಹೆಂಡತಿಯ ಬಳೆ ಬ್ಯಾಂಕಿಗೆ ಹೋಗುತ್ತೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಗಾದೆ ಇದೆಯಲ್ಲ, ಅದು ಸಾಲಕ್ಕೆ ಮಾತ್ರ ಅಲ್ಲ, 90 ದಿನದ ಬಿಲ್ಲಿಗೂ ಸರಿಯಾಗಿ ಹೊಂದುತ್ತೆ.

ಕಾನೂನು ಇಲ್ಲವೇ ಅಂತ ನೀವು ಕೇಳಬಹುದು. ಇದೆ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಖರೀದಿದಾರರು ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ಬರವಣಿಗೆಯ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. 2023-24ರಿಂದ ಆದಾಯ ತೆರಿಗೆಯಲ್ಲೂ ಬಿಗಿ ಮಾಡಿದ್ದಾರೆ. ಗಡುವು ಮೀರಿದರೆ, ದುಡ್ಡು ಕೊಡುವ ತನಕ ಆ ಖರ್ಚನ್ನು ಖರೀದಿದಾರರು ತಮ್ಮ ಲೆಕ್ಕದಲ್ಲಿ ಕಳೆಯುವಂತಿಲ್ಲ. ಮತ್ತೆ ಟ್ರೆಡ್ಸ್ ಅಂತ ವ್ಯವಸ್ಥೆ ಇದೆ. ದೊಡ್ಡ ಕಂಪನಿ ಒಪ್ಪಿದ ಬಿಲ್ಲನ್ನು ಅಲ್ಲಿ ಹಾಕಿದರೆ ಬ್ಯಾಂಕುಗಳು ಸ್ವಲ್ಪ ಕಡಿತ ಮಾಡಿಕೊಂಡು ಕೂಡಲೇ ದುಡ್ಡು ಕೊಡುತ್ತವೆ. 250 ಕೋಟಿಗಿಂತ ಜಾಸ್ತಿ ವಹಿವಾಟಿನ ಕಂಪನಿಗಳು ಅದರಲ್ಲಿ ಸೇರಲೇಬೇಕು ಅಂತ 2024ರ ನವೆಂಬರಿನಲ್ಲಿ ಆದೇಶ ಬಂತು.

ಆದರೆ ಕಾನೂನು ಓದಿ ಧೈರ್ಯ ತಗೊಂಡು ಬಡ್ಡಿ ಕೇಳಿದ ಸಣ್ಣ ಮಾಲೀಕರು ನನ್ನ ಗಿರಾಕಿಗಳಲ್ಲಿ ತುಂಬಾ ಕಡಿಮೆ. ಬಡ್ಡಿ ಕೇಳಿದರೆ ಮುಂದಿನ ಆರ್ಡರ್ ಬರುವುದಿಲ್ಲ ಅನ್ನುವ ಭಯ. ಆ ಭಯ ಸುಳ್ಳಲ್ಲ. ಹಾಗಾಗಿ ನಾನು ಹೇಳುವುದು ಬೇರೆ. ಉದ್ಯಮ್ ಅಂತ ಸಣ್ಣ ಉದ್ಯಮಗಳಿಗೆ ಸರಕಾರದ ನೋಂದಣಿ ಇದೆ, ಅದನ್ನು ಮಾಡಿಸಿ, ಶುಲ್ಕ ಇಲ್ಲ. ಬಿಲ್ಲಿನ ಮೇಲೆ ಆ ಸಂಖ್ಯೆ ಅಚ್ಚು ಹಾಕಿ. ಅದನ್ನು ನೋಡಿಯೇ ಎಷ್ಟೋ ಅಕೌಂಟ್ಸ್ ವಿಭಾಗಗಳು ಬಿಲ್ಲನ್ನು ಮೇಲೆ ಇಡುತ್ತವೆ, ತಮ್ಮ ತೆರಿಗೆ ಜಾಸ್ತಿ ಆಗಬಾರದು ಅಂತ. ಜಗಳ ಬೇಕಾಗಿಲ್ಲ. ಇನ್ನೊಂದು ಮುಖ್ಯ ಮಾತು: ಈ 45 ದಿನದ ರಕ್ಷಣೆ ಮಾಲು ತಯಾರಿಸುವವರಿಗೆ ಮತ್ತು ಸೇವೆ ಕೊಡುವವರಿಗೆ. ಸುಮ್ಮನೆ ಕೊಂಡು ಮಾರುವ ವ್ಯಾಪಾರಿಗಳಿಗೆ ಇಲ್ಲ. ವಾಟ್ಸ್ಆ್ಯಪಿನಲ್ಲಿ ಬರುವ ಸಲಹೆಗಳು ಇದನ್ನು ಹೇಳುವುದಿಲ್ಲ.

ಇಷ್ಟು ಹೊತ್ತು ವ್ಯಾಪಾರದ ಮಾತು. ನಿಮ್ಮಲ್ಲಿ ಬಹಳ ಜನ ಕೆಲಸಕ್ಕೆ ಸೇರುವವರು, ಅದು ನನಗೆ ಗೊತ್ತು. ನಿಮಗೂ ಇದೇ ಪ್ರಶ್ನೆ ಇದೆ.

ಈ ಕಡೆಯ ಹುಡುಗರು ಮುಂಬೈಗೆ ಹೋದ ಕಾಲದ ಕಥೆ ನಿಮ್ಮ ಮನೆಗಳಲ್ಲೇ ಇರುತ್ತೆ. ಹನ್ನೆರಡು, ಹದಿಮೂರು ವರ್ಷಕ್ಕೆ ಬಸ್ಸು ಹತ್ತಿದವರು. ಮೊದಲು ಕ್ಲೀನರ್, ಆಮೇಲೆ ಸಪ್ಲೈಯರ್. ರಾತ್ರಿ ಕನ್ನಡ ರಾತ್ರಿ ಶಾಲೆಗಳಲ್ಲಿ ಓದು. ಕಾರ್ಕಳದ ಜಯರಾಮ ಬನಾನ್ ಹದಿಮೂರನೇ ವಯಸ್ಸಿಗೆ ಮನೆ ಬಿಟ್ಟು, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದು, ಮೇಲೆ ಮೇಲೆ ಹತ್ತಿ, 1986ರಲ್ಲಿ ದೆಹಲಿಯ ಡಿಫೆನ್ಸ್ ಕಾಲೊನಿಯಲ್ಲಿ ಸಾಗರ್ ತೆರೆದರು. ಈ ಕಥೆ ಹೇಳಿ ಎಲ್ಲರೂ 'ಕಷ್ಟಪಟ್ಟರೆ ಫಲ ಉಂಟು' ಅಂತ ನಿಲ್ಲಿಸುತ್ತಾರೆ. ಕಷ್ಟಪಟ್ಟವರು ಸಾವಿರಾರು ಜನ ಇದ್ದರು ಮಾರಾಯ್ರೆ. ಪಾತ್ರೆ ತೊಳೆದವರೆಲ್ಲ ಮಾಲೀಕರಾಗಲಿಲ್ಲ. ನಾನು ಕಂಡ ಮಟ್ಟಿಗೆ ಹೇಳುವುದಾದರೆ, ಮಾಲೀಕರಾದವರು ಹೆಚ್ಚಿನವರು ಯಾವುದೋ ಒಂದು ಹಂತದಲ್ಲಿ ಗಲ್ಲಾದಲ್ಲಿ ಕೂತವರು. ಅಡುಗೆಮನೆಯಲ್ಲೇ ಉಳಿದ ಭಟ್ಟರಿಗೆ ಕೈರುಚಿ ಜಾಸ್ತಿ ಇತ್ತು. ಆದರೆ ಇವತ್ತು ಎಷ್ಟು ಬಂತು, ನಾಳೆ ಯಾರಿಗೆ ಎಷ್ಟು ಕೊಡಬೇಕು, ಯಾವ ವ್ಯಾಪಾರಿ ಎಷ್ಟು ದಿನ ಕಾಯುತ್ತಾನೆ, ಮಳೆಗಾಲದಲ್ಲಿ ಎಷ್ಟು ಇಳಿಯುತ್ತೆ ಅನ್ನುವುದು ಗಲ್ಲಾದವನಿಗೆ ಮಾತ್ರ ಕಾಣುತ್ತಿತ್ತು.

ಅದಕ್ಕೇ ನಿಮ್ಮ ಮೊದಲ ಕೆಲಸ ಎಲ್ಲೇ ಸಿಗಲಿ, ಆ ಸಂಸ್ಥೆಯ ಗಲ್ಲಾ ಎಲ್ಲಿದೆ ಅಂತ ನೋಡಿ. ಈಗ ಮರದ ಪೆಟ್ಟಿಗೆ ಇರುವುದಿಲ್ಲ. ಬಿಲ್ಲಿಂಗ್ ಇರುತ್ತೆ, ವಸೂಲಿ ಇರುತ್ತೆ, ಪರ್ಚೇಸ್ ಇರುತ್ತೆ. ಎಲ್ಲರೂ ಸ್ಟ್ರ್ಯಾಟಜಿ, ಬ್ರ್ಯಾಂಡಿಂಗ್ ಅಂತ ಓಡುತ್ತಾರೆ, ಹೆಸರು ಚೆಂದ ಇದೆ. ವಸೂಲಿ ವಿಭಾಗಕ್ಕೆ ಯಾರೂ ಹೋಗುವುದಿಲ್ಲ. ದಿನಾ ಫೋನ್ ಮಾಡಿ ದುಡ್ಡು ಕೇಳುವ ಕೆಲಸ, ನಾಚಿಕೆ ಅನಿಸುತ್ತೆ. ಆದರೆ ಅಲ್ಲಿ ಎರಡು ವರ್ಷ ಕೂತವರಿಗೆ ಯಾವ ಗಿರಾಕಿ ಗಟ್ಟಿ, ಯಾವ ಗಿರಾಕಿ ಬರೀ ಮಾತು ಅಂತ ಗೊತ್ತಾಗುತ್ತೆ. ಕಂಪನಿ ಅಲ್ಲಾಡುತ್ತಿದ್ದರೆ ಮೊದಲು ಗೊತ್ತಾಗುವುದೂ ಅಲ್ಲೇ. ಸಂಬಳ ಒಂದನೇ ತಾರೀಕಿನಿಂದ ಏಳಕ್ಕೆ, ಏಳರಿಂದ ಹದಿನೈದಕ್ಕೆ ಜಾರತೊಡಗಿದರೆ, ಬೇರೆ ಕೆಲಸ ಹುಡುಕಲು ಶುರು ಮಾಡಿ. ಬಾಸ್ ಎಷ್ಟೇ ಒಳ್ಳೆಯವರಿರಲಿ.

ಮನೆಯಲ್ಲೇ ಕೂತು ಡಿಸೈನು, ವಿಡಿಯೊ ಎಡಿಟಿಂಗು, ಸಾಫ್ಟ್‌ವೇರ್ ಕೆಲಸ ಮಾಡುವವರಿಗೆ ಒಂದು ಮಾತು. ನಿಮಗೆ ಸಂಬಳದ ತಾರೀಕು ಇಲ್ಲ. ಹಾಗಾಗಿ ನೀವೇ ಒಂದು ತಾರೀಕು ಮಾಡಿಕೊಳ್ಳಬೇಕು. ಬಂದ ದುಡ್ಡೆಲ್ಲ ಒಂದು ಖಾತೆಗೆ ಹೋಗಲಿ, ಅಲ್ಲಿಂದ ತಿಂಗಳಿಗೊಮ್ಮೆ ಒಂದೇ ಮೊತ್ತ ನಿಮ್ಮ ಮನೆ ಖಾತೆಗೆ ಬರಲಿ. ಒಳ್ಳೆಯ ತಿಂಗಳು ಜಾಸ್ತಿ ತಗೋಬೇಡಿ. ಕೆಲಸ ಶುರು ಮಾಡುವ ಮೊದಲು ಮೂರನೇ ಒಂದು ಭಾಗ ಮುಂಗಡ ಕೇಳಿ. ಮದುವೆ ಅಡುಗೆಯವರು, ಶಾಮಿಯಾನದವರು ಎಂದೋ ಕಲಿತ ಪಾಠ ಇದು, ಓದಿದವರಿಗೆ ಮಾತ್ರ ಕೇಳಲು ಸಂಕೋಚ. ಕಂಪನಿಗಳು ನಿಮ್ಮ ಶುಲ್ಕದಲ್ಲಿ ಶೇ. 10 ಟಿಡಿಎಸ್, ಅಂದರೆ ಮುಂಚೆಯೇ ಕಳೆಯುವ ಆದಾಯ ತೆರಿಗೆ, ಹಿಡಿದರೆ ಅದು ಹೋದ ದುಡ್ಡಲ್ಲ. ರಿಟರ್ನ್ ಹಾಕಿದರೆ, ತೆರಿಗೆ ಅಷ್ಟು ಬಾರದಿದ್ದರೆ, ವಾಪಸ್ ಬರುತ್ತೆ. ಆದಾಯ ಕಡಿಮೆ ಅಂತ ರಿಟರ್ನ್ ಹಾಕದೆ ಸಾವಿರಾರು ರೂಪಾಯಿ ಬಿಟ್ಟ ಹುಡುಗ ಹುಡುಗಿಯರನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಲೆಕ್ಕ ಬರೆಯುವ ವಿಷಯಕ್ಕೆ ಬರುತ್ತೇನೆ. 2025ರ ಜುಲೈಯಲ್ಲಿ ಏನಾಯಿತು ಅಂತ ನೆನಪಿದೆಯಾ? ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೇಕರಿ, ಚಹಾ ಅಂಗಡಿ, ತರಕಾರಿಯವರಿಗೂ ಬಂತು. ಬೆಂಗಳೂರಿನಲ್ಲಿ ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಅಂತ ಬೋರ್ಡ್ ಹಾಕಿದರು. ಪ್ರತಿಭಟನೆ ಆಯಿತು, ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಅಂತ ಸರಕಾರ ಹೇಳಿತು. ಇಲಾಖೆ ನಡೆದುಕೊಂಡ ರೀತಿ ನನಗೆ ಹಿಡಿಸಲಿಲ್ಲ. ಬರೀ ತರಕಾರಿ, ಹಾಲು ಮಾರುವವರಿಗೆ ಅವುಗಳ ಮೇಲೆ ತೆರಿಗೆಯೇ ಇಲ್ಲ, ಅವರನ್ನು ಹೆದರಿಸಿ ಏನು ಸಿಗುತ್ತೆ? ಆದರೆ ಆ ವಾರ ನನ್ನ ಆಫೀಸಿಗೆ ಬಂದವರಲ್ಲಿ ಎರಡು ಬಗೆ ಇತ್ತು. ದಿನದ ಪುಸ್ತಕ ಬರೆದಿಟ್ಟವರು ಒಂದು ಚಹಾ ಕುಡಿದು ಹೋದರು. ಖಾತೆಗೆ ಬಂದದ್ದು ವ್ಯಾಪಾರದ್ದೋ, ಭಾವನ ಕೈಸಾಲವೋ, ಚೀಟಿ ದುಡ್ಡೋ ಅಂತ ತೋರಿಸಲಾಗದವರು ರಾತ್ರಿಯಿಡೀ ಕೂತರು. ಮನೆ ದುಡ್ಡು, ಅಂಗಡಿ ದುಡ್ಡು ಒಂದೇ ಖಾತೆಯಲ್ಲಿ ಇಟ್ಟರೆ ಗತಿ ಇದೇ. ಮಾಲು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಹೋಟೆಲು ಸೇರಿ ಸೇವೆಗೆ 20 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಇದು ಲಾಭದ ಲೆಕ್ಕ ಅಲ್ಲ, ವಹಿವಾಟಿನ ಲೆಕ್ಕ. ದಿನಕ್ಕೆ ಐದೂವರೆ ಸಾವಿರ ವ್ಯಾಪಾರ ಮಾಡುವ ಕ್ಯಾಂಟೀನು ಆ ಗೆರೆ ದಾಟುತ್ತೆ.

ಇಲ್ಲಿಗೆ ನನ್ನ ಮಾತು ಮುಗಿಯಿತು ಅಂದೆ. ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಹುಡುಗ ಎದ್ದು ಕೇಳಿದ: "ಸರ್, ನಷ್ಟದಲ್ಲೇ ಓಡುವ ದೊಡ್ಡ ಆ್ಯಪ್ ಕಂಪನಿಗಳು ಹೇಗೆ ಬದುಕುತ್ತವೆ?"

ಅವರಿಗೆ ಬೇರೆಯವರ ದುಡ್ಡು ಮೊದಲೇ ಬಂದಿರುತ್ತೆ, ಅದಕ್ಕೆ. ಹೂಡಿಕೆದಾರರು ಮೂರು ವರ್ಷದ ಖರ್ಚು ಒಟ್ಟಿಗೆ ಕೊಟ್ಟಿದ್ದರೆ ಮೂರು ವರ್ಷ ನಷ್ಟ ಮಾಡಬಹುದು. ನಿನ್ನ ಅಪ್ಪ ಅಷ್ಟು ಕೊಡುವುದಿಲ್ಲ. ಹಾಗಾಗಿ ಅವರನ್ನು ನೋಡಿ ಡಿಸ್ಕೌಂಟ್ ಕೊಡಬೇಡ ಅಂದೆ. ಸಭೆ ನಕ್ಕಿತು. ಹುಡುಗನೂ ನಕ್ಕ.

ಇನ್ನೊಬ್ಬರು ಕೇಳಿದ್ದು ಮುದ್ರಾ ಸಾಲದ ಬಗ್ಗೆ. ಸಣ್ಣ ಉದ್ಯಮಗಳಿಗೆ ಸಾಲ ಕೊಡಲು ಕೇಂದ್ರ ಸರಕಾರ 2015ರಲ್ಲಿ ಶುರು ಮಾಡಿದ ಯೋಜನೆ. ಮೊದಲು 10 ಲಕ್ಷದವರೆಗೆ ಇತ್ತು. ಈಗ ಹಿಂದಿನ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೆ ಇದೆ. ಅಡವು ಕೇಳುವುದಿಲ್ಲ. ಅಡವು ಇಲ್ಲ ಅಂದರೆ ಕಂತು ಇಲ್ಲ ಅಂತ ಅಲ್ಲ, ಅದನ್ನು ಮರೆಯಬೇಡಿ. ಮೆಷಿನ್ನಿಗೆ ಸಾಲ ತಗೊಂಡರೆ ಓಡಾಟದ ದುಡ್ಡನ್ನೂ ಸೇರಿಸಿ ಕೇಳಿ. ಮೆಷಿನ್ ಬಂದು ಕೂತು, ಕಚ್ಚಾ ಮಾಲಿಗೆ ದುಡ್ಡಿಲ್ಲದ ಶೆಡ್ಡುಗಳು ಎಷ್ಟೋ ಇವೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಹುಡುಗಿಯದ್ದು. ಒಳ್ಳೆಯ ಪ್ರಶ್ನೆ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಟ್ಟೆ.

"ಸರ್, ಅಮ್ಮ ಮನೆಯಲ್ಲಿ ಸಾರಿನ ಪುಡಿ, ಚಟ್ನಿ ಪುಡಿ ಮಾಡ್ತಾರೆ. ಪರಿಚಯದವರು ತಗೊಂಡು ಹೋಗ್ತಾರೆ. ಪ್ಯಾಕೆಟ್ ಮಾಡಿ ಅಂಗಡಿಗಳಿಗೆ ಹಾಕ್ಬೇಕು ಅಂತ ಇದ್ದೇವೆ. ಎಂಟಿಆರ್‌ನವರೂ ಹೋಟೆಲಿಂದ ಪುಡಿಗೆ ಬಂದವರಲ್ವಾ?"

ಹೌದಮ್ಮ, ಅವರು ನಮ್ಮ ಕಡೆಯವರೇ. ಪರಂಪಳ್ಳಿ ಯಜ್ಞನಾರಾಯಣ ಮಯ್ಯರು ತಮ್ಮ ಸಹೋದರರ ಜೊತೆ 1924ರಲ್ಲಿ ಬೆಂಗಳೂರಿನಲ್ಲಿ ಹೋಟೆಲು ಶುರು ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ ರವೆಯಲ್ಲಿ ಇಡ್ಲಿ ಮಾಡಿದರು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರಕಾರ ತಿಂಡಿ ಬೆಲೆಯನ್ನು ತೀರಾ ಇಳಿಸಿತು. ಆ ಬೆಲೆಗೆ ಅದೇ ಗುಣಮಟ್ಟ ಕೊಡುವುದು ಕಷ್ಟವಾಯಿತು. ಆಗ ಅವರು ಪುಡಿ, ದಿಢೀರ್ ತಿಂಡಿಗಳ ಕಡೆ ತಿರುಗಿದರು. 2007ರಲ್ಲಿ ಆ ಪ್ಯಾಕೆಟ್ ಆಹಾರದ ಕಂಪನಿಯನ್ನು ನಾರ್ವೆಯ ಓರ್ಕ್ಲಾ ಕೊಂಡಿತು.

ಆದರೆ ನಿಮ್ಮ ಅಮ್ಮ ತಿಳಿಯಬೇಕಾದದ್ದು ಬೇರೆ. ಈಗ ಮನೆಗೆ ಬಂದವರು ದುಡ್ಡು ಕೊಟ್ಟು ಪುಡಿ ಒಯ್ಯುತ್ತಾರೆ. ಅದು ದರ್ಶಿನಿ ವ್ಯಾಪಾರ. ಅಂಗಡಿಗೆ ಹಾಕಿದ ದಿನ ಅದು 90 ದಿನದ ವ್ಯಾಪಾರ ಆಗುತ್ತೆ. ಮೆಣಸು, ಕೊತ್ತಂಬರಿ ಬೀಜ ಕೊಳ್ಳುವುದು ಸುಗ್ಗಿಯಲ್ಲಿ, ಬೆಲೆ ಕಡಿಮೆ ಇರುವಾಗ, ನಗದಿಗೆ. ಪುಡಿ ಅಂಗಡಿಯ ಶೆಲ್ಫಿನಲ್ಲಿ ಕೂರುತ್ತೆ. ಅಂಗಡಿಯವರು "ಹೋದ ಮೇಲೆ ದುಡ್ಡು" ಅನ್ನುತ್ತಾರೆ. ಹೋಗದೆ ಉಳಿದದ್ದು ತಾರೀಕು ಮುಗಿದ ಮೇಲೆ ನಿಮ್ಮ ಮನೆಗೇ ವಾಪಸ್. ಇಪ್ಪತ್ತು ಅಂಗಡಿಯಲ್ಲಿ ನಿಮ್ಮ ಪ್ಯಾಕೆಟ್ ಕಾಣುತ್ತೆ, ಊರೆಲ್ಲ ಹೆಸರು, ಅಮ್ಮನ ಡಬ್ಬಿಯಲ್ಲಿ ದುಡ್ಡಿಲ್ಲ.

ಮೊದಲು ಎಫ್ಎಸ್ಎಸ್ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿ, ಸಣ್ಣ ವಹಿವಾಟಿಗೆ ವರ್ಷಕ್ಕೆ 100 ರೂಪಾಯಿ, ದೊಡ್ಡ ಕೆಲಸ ಅಲ್ಲ. ಮನೆಗೆ ಬರುವ ಗಿರಾಕಿಗಳನ್ನು ಬಿಡಬೇಡಿ, ಅವರ ದುಡ್ಡಿನಲ್ಲೇ ಮೆಣಸು ಬರಬೇಕು. ಅಂಗಡಿಗಳು ಐದು ಸಾಕು, ನೀವು ಕಾಲೇಜಿಗೆ ಬರುವ ದಾರಿಯಲ್ಲಿರುವವು. ಒಂದೊಂದಕ್ಕೆ ಹತ್ತೇ ಪ್ಯಾಕೆಟ್. ಮುಂದಿನ ವಾರ ಹೋದಾಗ ಹಿಂದಿನದ್ದರ ದುಡ್ಡು ತಗೊಂಡೇ ಹೊಸದು ಇಡಿ.

"ದುಡ್ಡು ಆಮೇಲೆ ಕೊಡ್ತೇನೆ, ಇಟ್ಟು ಹೋಗು ಅಂದ್ರೆ ಸರ್?"

ಉಳಿದ ಪ್ಯಾಕೆಟ್ ವಾಪಸ್ ತಗೊಂಡು ಬಾ. ನಗುತ್ತಲೇ ತಗೊಂಡು ಬಾ, ಜಗಳ ಬೇಡ. ಪುಡಿ ಚೆನ್ನಾಗಿದ್ದರೆ ಗಿರಾಕಿಗಳು ಅಂಗಡಿಯವರನ್ನು ಕೇಳುತ್ತಾರೆ, ಆಗ ಅವರೇ ಫೋನ್ ಮಾಡುತ್ತಾರೆ. ಕೇಳುವವರು ಯಾರೂ ಇಲ್ಲದಿದ್ದರೆ ಆ ಅಂಗಡಿಯಲ್ಲಿ ನಿಮ್ಮ ಪುಡಿ ಹೋಗುತ್ತಿರಲಿಲ್ಲ ಅಂತ ಹತ್ತೇ ಪ್ಯಾಕೆಟ್ಟಿನಲ್ಲಿ ಗೊತ್ತಾಯಿತಲ್ಲ.